ಗೆಲುವಿನ ಲೆಕ್ಕ

ಒಂದು ಓಟದಲ್ಲಿ ಮೊದಲಿಗನು ಯಾರೆಂದು ತಿಳಿಯಲು ಕಣ್ಣಿದ್ದರೆ ಸಾಕು. ಆದರೆ ದೇಶದೇಶಗಳಲ್ಲಿ ವರ್ಷವಿಡೀ ನಡೆಯುವ ಹಲವು ಓಟಗಳಲ್ಲಿ ಒಟ್ಟಾರೆ ಶ್ರೇಷ್ಠನು ಯಾರೆಂದು ನಿರ್ಣಯಿಸುವುದು ಹೇಗೆ? ಅದಕ್ಕೆ ಕಣ್ಣು ಸಾಲದು, ಲೆಕ್ಕ ಬೇಕು. ಮೋಟಾರು ಓಟದ ಚಾಲಕರ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಆರಂಭವಾದಂದಿನಿಂದಲೂ ಇಂಥದೊಂದು ಲೆಕ್ಕ ನಡೆದುಬಂದಿದೆ. ಇಂದು ಫಾರ್ಮುಲಾ ಒನ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಸ್ಪರ್ಧೆಯಲ್ಲಿ, ಪ್ರತಿ ಓಟದ ಮುಂಚೂಣಿಯ ಚಾಲಕರಿಗೆ ಅಂಕಗಳು ದೊರೆಯುತ್ತವೆ; ವರ್ಷಾಂತ್ಯದಲ್ಲಿ ಹೆಚ್ಚು ಅಂಕವುಳ್ಳವನೇ ಚಾಂಪಿಯನ್. ಕಾರು ನಿರ್ಮಿಸುವವರಿಗೆ 1958ರಿಂದ ಬೇರೊಂದು ಪಟ್ಟವೂ ಉಂಟು.

ಕೇಳಲು ಇದು ಸುಲಭ. ಆದರೆ ಯಂತ್ರವು ಮನುಷ್ಯನ ಅಂಕೆಯಲ್ಲಿ ಸದಾ ಇರುವಂಥದಲ್ಲ. ಓಟದ ನಡುವೆ ಎಂಜಿನ್ ಕೆಟ್ಟು ನಿಲ್ಲುವುದು ಹಿಂದೆ ಸಾಮಾನ್ಯವಾಗಿತ್ತು. ಆದುದರಿಂದ ಚಾಲಕನ ಉತ್ತಮ ಫಲಿತಾಂಶಗಳನ್ನಷ್ಟೇ ಎಣಿಸಿ, ಉಳಿದವನ್ನು ಕೈಬಿಡುವ ನಿಯಮವಿತ್ತು. ಹಲವು ಕಿರುಪರೀಕ್ಷೆಗಳಲ್ಲಿ ಉತ್ತಮವಾದ ಕೆಲವನ್ನು ಮಾತ್ರ ಪರಿಗಣಿಸುವ ಪದ್ಧತಿಯನ್ನು ನೀವೂ ಬಲ್ಲಿರಿ.

1988ರಲ್ಲಿ ಈ ನಿಯಮವು ವಿಚಿತ್ರ ಫಲವನ್ನು ನೀಡಿತು. ಬ್ರೆಜಿಲಿನ ಐರ್ಟನ್ ಸೆನ್ನಾ, ಫ್ರಾನ್ಸಿನ ಅಲೆನ್ ಪ್ರಾಸ್ಟ್ ಇಬ್ಬರೂ ಮೆಕ್ಲಾರೆನ್ ತಂಡದವರೇ. ಆ ವರ್ಷದ 16 ಓಟಗಳಲ್ಲಿ 15ನ್ನು ಇವರಿಬ್ಬರೇ ಗೆದ್ದರು: ಸೆನ್ನಾ 8, ಪ್ರಾಸ್ಟ್ 7. ಗೆದ್ದವನಿಗೆ 9 ಅಂಕ, ಎರಡನೆಯವನಿಗೆ 6. ಪ್ರಾಸ್ಟ್ ಏಳು ಬಾರಿ ಗೆದ್ದು, ಏಳು ಬಾರಿ ಎರಡನೆಯವನಾಗಿ 105 ಅಂಕ ಗಳಿಸಿದನು. ಸೆನ್ನಾನಿಗೆ ದೊರೆತದ್ದು 94. ಆದರೆ ಎಣಿಕೆಗೆ ಅರ್ಹವಾದವು ಹನ್ನೊಂದು ಫಲಿತಾಂಶಗಳು ಮಾತ್ರ. ಪ್ರಾಸ್ಟನ ಮೂರು ಎರಡನೆಯ ಸ್ಥಾನಗಳು ಬಿದ್ದುಹೋಗಿ 87 ಉಳಿಯಿತು. ಸೆನ್ನಾ ಕಳೆದುಕೊಂಡದ್ದು ನಾಲ್ಕೇ ಅಂಕ. 90 ಅಂಕಗಳೊಡನೆ ಅವನೇ ಚಾಂಪಿಯನ್ ಆದನು. ಬಹುಕಾಲ ಅಂಕಪಟ್ಟಿಗಳನ್ನು ಕೂಡಿಸಿ ಕಣ್ಣು ಸವೆಸಿಕೊಂಡ ನನ್ನಂಥ ಉಪಾಧ್ಯಾಯನಿಗೂ ಇದು ಬೆರಗು ಹುಟ್ಟಿಸುವ ಲೆಕ್ಕ!

ಹಾಗೆಂದು ಸೆನ್ನಾ ಬರಿಯ ಲೆಕ್ಕದ ಬಲದಿಂದ ಗೆದ್ದನೆನ್ನಲಾಗದು. ಪಟ್ಟವನ್ನು ನಿರ್ಧರಿಸಿದ ಜಪಾನಿನ ಸುಜುಕಾ ಓಟದಲ್ಲಿ, ಆರಂಭದ ಗೆರೆಯಲ್ಲೇ ಅವನ ಎಂಜಿನ್ ನಿಂತುಹೋಯಿತು. ದಾರಿ ಇಳಿಜಾರಾಗಿದ್ದುದರಿಂದ ಕಾರು ತಾನಾಗಿ ಉರುಳಿ, ಎಂಜಿನ್ ಮತ್ತೆ ಜೀವ ತಳೆಯಿತು. ಅಷ್ಟರಲ್ಲಿ ಹದಿನಾಲ್ಕನೆಯ ಸ್ಥಾನಕ್ಕೆ ಕುಸಿದಿದ್ದ ಅವನು ಒಬ್ಬೊಬ್ಬರನ್ನೇ ಹಿಂದಿಕ್ಕಿ, ಕೊನೆಗೆ ಪ್ರಾಸ್ಟನನ್ನೂ ದಾಟಿ ಗೆದ್ದನು.

ಫಲಿತಾಂಶ ಕೈಬಿಡುವ ನಿಯಮವು 1991ರಲ್ಲಿ ರದ್ದಾಯಿತು. ಗೆದ್ದವನಿಗೆ 25, ಎರಡನೆಯವನಿಗೆ 18, ಹೀಗೆ ಹತ್ತನೆಯವನವರೆಗೆ ಅಂಕ ನೀಡುವ ಪದ್ಧತಿ 2010ರಲ್ಲಿ ಬಂದಿತು. ಆ ಅಳತೆಯಿಂದ 1988ರ ಎಲ್ಲ ಓಟಗಳನ್ನು ಎಣಿಸಿದರೆ ಪ್ರಾಸ್ಟನಿಗೆ 301, ಸೆನ್ನಾನಿಗೆ 275 ಅಂಕಗಳಾಗುತ್ತವೆ.