ತಲಾ ಎಷ್ಟು ನೀರು? ಲೆಕ್ಕದಲ್ಲಿ ನಮ್ಮ ಆಳುಗಳೂ ಸೇರಲಿ

ಊರಿಗೆ ನಲ್ಲಿ ನೀರಿನ ಯೋಜನೆ ಬರುವ ಮೊದಲು ಕಾಗದದ ಮೇಲೆ ಒಂದು ಗುಣಾಕಾರ ನಡೆಯುತ್ತದೆ. ಜನಸಂಖ್ಯೆ ಇಷ್ಟು, ತಲಾ ದಿನಕ್ಕೆ ಇಷ್ಟು ಲೀಟರು. ಟ್ಯಾಂಕು, ಪೈಪು, ಪಂಪುಗಳ ಅಳತೆ ನಿಲ್ಲುವುದು ಇದರ ಮೇಲೆಯೇ. ಆದ್ದರಿಂದ ಬೆಳೆಗಾರರು ಈ ಲೆಕ್ಕವನ್ನು ಅರಿತಿರುವುದು ಒಳ್ಳೆಯದು.

1972-73ರಲ್ಲಿ ಆರಂಭವಾದ ಕೇಂದ್ರದ ತ್ವರಿತ ಗ್ರಾಮೀಣ ನೀರು ಸರಬರಾಜು ಕಾರ್ಯಕ್ರಮದಲ್ಲಿ ಬಹುಕಾಲ ತಲಾ 40 ಲೀಟರಿನ ಪ್ರಮಾಣವಿತ್ತು. ಕುಡಿಯಲು 3, ಅಡುಗೆಗೆ 5, ಸ್ನಾನಕ್ಕೆ 15, ಪಾತ್ರೆ ಹಾಗೂ ಮನೆ ತೊಳೆಯಲು 7, ಶೌಚಕ್ಕೆ 10 ಎಂದು ಅದರ ವಿಂಗಡಣೆ. 2019ರ ಜಲಜೀವನ್ ಮಿಷನ್‌ನಲ್ಲಿ ಈ ಪ್ರಮಾಣ 55 ಲೀಟರು. ಒಳಚರಂಡಿ ಇರುವ ಪಟ್ಟಣಗಳಿಗೆ 135 ಲೀಟರು. ಇದು ಮನೆಬಳಕೆಯ ನೀರು ಮಾತ್ರ. ಕಾಫಿ ಪಲ್ಪಿಂಗ್, ಅಡಿಕೆ ಬೇಯಿಸುವುದು, ತೋಟಕ್ಕೆ ನೀರು ಹಾಯಿಸುವುದು ಇದರಲ್ಲಿ ಸೇರಿಲ್ಲ.

ಒಂದು ಉದಾಹರಣೆ ನೋಡೋಣ. 400 ಜನರ ಊರಿಗೆ 55ರಂತೆ ದಿನಕ್ಕೆ 22,000 ಲೀಟರು ಬೇಕು. ದಾರಿಯಲ್ಲಿ ನೂರಕ್ಕೆ 15 ಪಾಲು ಸೋರಿಹೋಗುವುದೆಂದು ಹಿಡಿದರೆ, ಮೂಲದಿಂದ ಸುಮಾರು 25,900 ಲೀಟರು ಎತ್ತಬೇಕು. ಟ್ಯಾಂಕಿನಿಂದ ಹೊರಟ ನೀರನ್ನು ಜನಸಂಖ್ಯೆಯಿಂದ ಭಾಗಿಸಿ, ಎಲ್ಲರಿಗೂ ಅಷ್ಟು ಸಿಕ್ಕಿತೆನ್ನುವುದು ಸರಿಯಲ್ಲ. ಸೋರಿದ್ದು ಯಾರ ಕೊಡಕ್ಕೂ ಬಂದಿರುವುದಿಲ್ಲ.

ನಮ್ಮ ಕಡೆಯ ತೊಡಕು ಬೇರೆ. ಕಾಫಿ ಕೊಯ್ಲಿಗೆ ಹೊರಗಿನಿಂದ 100 ಆಳುಗಳು ಬಂದು ಲೈನ್ ಮನೆಗಳಲ್ಲಿ ಉಳಿದರೆಂದುಕೊಳ್ಳಿ. ಅದೇ 22,000 ಲೀಟರನ್ನು 500 ಜನ ಹಂಚಿಕೊಂಡಾಗ ತಲಾ 44 ಮಾತ್ರ. ಕೊಯ್ಲು ಮುಗಿಯುವ ಹೊತ್ತಿಗೆ ತೋಡು, ಬಾವಿಗಳೂ ಇಳಿದಿರುತ್ತವೆ. ಮೇಲಿನ ಲೈನಿನ ನಲ್ಲಿಗೆ ನೀರು ಏರುವುದಿಲ್ಲ. ಆಗ ಕೊಡ ಹೊತ್ತು ನಡೆಯುವವರು ಕೂಲಿ ಹೆಂಗಸರೇ.

ಹಾಗಾಗಿ ಬೆಳೆಗಾರ ಬಂಧುಗಳಲ್ಲಿ ನಮ್ಮ ಸಲಹೆ ಇಷ್ಟು:

1. ಕೊಯ್ಲಿನ ತಿಂಗಳುಗಳಲ್ಲಿ ತಮ್ಮ ತೋಟದಲ್ಲಿ ಉಳಿಯುವವರ ಸಂಖ್ಯೆಯನ್ನು, ಮಕ್ಕಳನ್ನೂ ಸೇರಿಸಿ, ಬರೆದಿಡಿ.

2. ಗ್ರಾಮದ ನೀರಿನ ಕ್ರಿಯಾಯೋಜನೆ ತಯಾರಾಗುವಾಗ ಆ ಸಂಖ್ಯೆಯನ್ನು ಗ್ರಾಮಸಭೆಯಲ್ಲಿ, ನೀರು ಮತ್ತು ನೈರ್ಮಲ್ಯ ಸಮಿತಿಯ ಮುಂದೆ ಬರವಣಿಗೆಯಲ್ಲಿ ಕೊಡಿ.

3. ಮಳೆಗಾಲದ ಒರತೆಯನ್ನು ನಂಬದೆ, ಬೇಸಿಗೆಯ ಕೊನೆಯಲ್ಲಿ ಮೂಲದ ನೀರನ್ನು ಅಳೆಯಲು ಒತ್ತಾಯಿಸಿ.

4. ತೋಟದ ನೀರಿಗೆ ಬೇರೆ ವ್ಯವಸ್ಥೆ ಇರಲಿ. ಕುಡಿಯುವ ನೀರಿನ ಪೈಪಿಗೆ ಕೈಹಾಕುವುದು ಬೇಡ.

ಟ್ಯಾಂಕು ಕಟ್ಟಿದ ಮೇಲೆ ದೂರುವುದಕ್ಕಿಂತ, ನಕ್ಷೆ ಬರೆಯುವ ಮೊದಲೇ ತಲೆ ಎಣಿಸಿ ಹೇಳುವುದು ಲೇಸು.