63 ಗೋರಿಗೆ ಸಾಲುಂಟು, ಊರ ಮಸಣಕ್ಕೆ?

ವಿಜಯಪುರದಲ್ಲಿ ಬಸ್ಸಿಳಿದು ‘ಸಾಠ ಕಬರ’ ಹುಡುಕುವವರಿಗೆ ಮೊದಲ ತೊಡಕು ಹೆಸರಿನದೇ. ಸಾಠ ಅಂದ್ರ ಅರವತ್ತು, ಸಾತ ಅಂದ್ರ ಏಳು. ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಮೊಬೈಲ್ ನಕಾಶೆಯಲ್ಲಿ ಎರಡೂ ಬಗೆಯಲ್ಲಿ ಬರೆದು ನೋಡಬೇಕು. ನಗರದ ಪಶ್ಚಿಮಕ್ಕಿರುವ ಆ ಜಾಗಕ್ಕೆ ಹೋಗಿ ಎಣಿಸಿದರೆ ಅರವತ್ತೂ ಅಲ್ಲ, ಏಳೂ ಅಲ್ಲ, 63!

ಏಳು ಸಾಲು. ಮೊದಲ ನಾಲ್ಕರಲ್ಲಿ 11ರಂತೆ, ಐದನೆಯದರಲ್ಲಿ 5, ಕಡೆಯ ಎರಡರಲ್ಲಿ 7ರಂತೆ. ಅಂಗಡಿಯ ಖಾತೆಯಂತೆ ಕೂಡಿಸಿದರೂ ಲೆಕ್ಕ ತಪ್ಪದು. ಗೋರಿಗಳ ಮೇಲ್ಭಾಗ ಚಪ್ಪಟೆ, ಅದು ಹೆಂಗಸರ ಗೋರಿಯ ಗುರುತು. 1659ರಲ್ಲಿ ಶಿವಾಜಿಯ ಮೇಲೆ ದಂಡು ಹೋಗುವ ಮುನ್ನ ಸರದಾರ ಅಫಜಲಖಾನ ತನ್ನ ಹೆಂಡಂದಿರನ್ನೆಲ್ಲ ಕೊಂದ ಎಂಬುದು ಜನರ ಬಾಯಲ್ಲಿರುವ ಕತೆ. ಖಾನ ಮರಳಲಿಲ್ಲ, ಅವನ ಗೋರಿ ಪ್ರತಾಪಗಡದ ಬುಡದಲ್ಲಿದೆ. ಕತೆ ಖರೆಯೋ ಸುಳ್ಳೋ, ಎಷ್ಟನೆಯ ಸಾಲಿನ ಎಷ್ಟನೆಯ ಗೋರಿ ಎಂದು ಇಂದಿಗೂ ಬೆರಳಿಟ್ಟು ತೋರಿಸಬಹುದು. ಅದು ಯಾರದೆಂದು ಹೇಳುವವರಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಇದರ ತಿರುವುಮುರುವು. ಹೆಸರು ಗೊತ್ತು, ಜಾಗ ಗೊತ್ತಿಲ್ಲ. ಲಿಂಗಾಯತರೂ ಹೂಳುವವರು, ಮುಸಲ್ಮಾನರೂ ಹೂಳುವವರು. ಮಣ್ಣಿನ ದಿಬ್ಬ ನಾಲ್ಕು ಮಳೆಗಾಲಕ್ಕೆ ನೆಲಸಮವಾಗಿ ಮೇಲೆ ಜಾಲಿಕಂಟಿ ಬೆಳೆಯುತ್ತದೆ. ದುಡಿಯಲು ಪುಣೆಗೆ ಹೋದ ಮಗ ವರ್ಷದ ದಿನ ಹೂವು ಹಿಡಿದು ಬಂದರೆ, “ಇಲ್ಲೇ ಎಲ್ಲೋ ಮಣ್ಣು ಮಾಡಿದ್ವಿ ನೋಡಪಾ” ಎನ್ನುವ ಉತ್ತರ!

ಸರ್ವೆ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು ಸಿಗುತ್ತದೆ. ಆ ನಂಬರಿನ ಉತಾರ ತೆಗೆಸಿ ‘ಖರಾಬು’ ಕಾಲಂ ನೋಡಬೇಕು. ಯಾವುದೇ ಸಮಾಜ ಹೂಳಲು, ಸುಡಲು ಬಳಸುವ ನೆಲ ಕಂದಾಯ ನಿಯಮದಂತೆ ‘ಬ’ ಖರಾಬು. ಸುತ್ತಲಿನ ಹೊಲದ ಧಣಿಗೆ ಅದು ಸೇರಿದ್ದಲ್ಲ. ಹೂಳುವ ಜಾಗವಿದ್ದೂ ಆ ಕಾಲಂ ಖಾಲಿ ಇದ್ದರೆ ಇಂದಲ್ಲ ನಾಳೆ ಗೋರಿಗಳ ಮೇಲೆ ಟ್ರ್ಯಾಕ್ಟರ್ ಹಾಯ್ದೀತು. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಮೋಜಣಿ ಕೇಳುವುದು ಆಗಲೇ ಒಳ್ಳೆಯದು.

ಆದರೆ ಸರಕಾರಿ ನಕಾಶೆ ಹದ್ದು ತೋರಿಸೀತು, ಗೋರಿ ತೋರಿಸದು. ಮೊಬೈಲ್ ಗುರುತು ಬಯಲಲ್ಲೂ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ. ಅಷ್ಟರಲ್ಲಿ ಎರಡು ಮೂರು ಗೋರಿ ಹಿಡಿದಾವು. ಬಾಂದುಕಲ್ಲಿನಿಂದ ಎಷ್ಟು ಹೆಜ್ಜೆ, ಎಷ್ಟನೆಯ ಸಾಲು, ಸಾಲಿನಲ್ಲಿ ಎಷ್ಟನೆಯದು ಎಂಬುದನ್ನು ಮಣ್ಣು ಮಾಡಿದ ದಿನವೇ ಹಾಳೆಯ ಮೇಲೆ ಬರೆದಿಟ್ಟರೆ ಮಾತ್ರ ಮುಂದೆ ಸಿಕ್ಕೀತು. ಗಿಡದ ಗುರುತು ನಂಬಬಾರದು, ಕಡಿದರೆ ಮುಗಿಯಿತು. ಹಳೆಯ ಗೋರಿಗಳಿಗೆ ಊರ ಮುದುಕರ ನೆನಪೇ ನಕಾಶೆ. ಅವರನ್ನು ಕರಕೊಂಡು ಹೋಗಿ ಒಂದೊಂದೇ ಕೇಳಿ ಬರೆದುಕೊಳ್ಳಲು ಒಂದು ರವಿವಾರ ಸಾಕು, ಜಾಲಿಕಂಟಿ ಕಡಿಯಲು ಮಾತ್ರ ಇನ್ನೆರಡು ಬೇಕಾದಾವು.