ನಿದ್ದೆಗಣ್ಣಿನ ಮಠದಿಂದ ಬಂದ ಪ್ರಾರ್ಥನೆ

ಕೆಲಸಕ್ಕೆ ಹೊರಡುವ ಮುನ್ನ ಕ್ರೈಸ್ತರು ಮಾಡುವ ಪ್ರಾರ್ಥನೆಯ ಒಂದು ಮೂಲ ಹುಡುಕುತ್ತ ಹೋದರೆ ಬೇತ್ಲೆಹೇಮಿನ ಒಂದು ಮಠಕ್ಕೆ ಬಂದು ನಿಲ್ಲುತ್ತೇವೆ. ಅಲ್ಲಿ ಕೆಲಕಾಲ ಇದ್ದ ಜಾನ್ ಕ್ಯಾಸಿಯನ್ 5ನೇ ಶತಮಾನದ ಮೊದಲ ಭಾಗದಲ್ಲಿ ಬರೆದಿಟ್ಟ ಪ್ರಕಾರ, ರಾತ್ರಿಯ ಪ್ರಾರ್ಥನೆ ಮುಗಿಸಿದ ಸನ್ಯಾಸಿಗಳಲ್ಲಿ ಕೆಲವರು ಮತ್ತೆ ಮಲಗಿಬಿಡುತ್ತಿದ್ದರು. ಮುಂದಿನ ಪ್ರಾರ್ಥನೆ ಬೆಳಗಿನ ಒಂಬತ್ತರ ಸುಮಾರಿಗೆ ಇದ್ದುದರಿಂದ ಅಲ್ಲಿಯವರೆಗೆ ಏಳುತ್ತಲೇ ಇರಲಿಲ್ಲ. ಹಿರಿಯರು ಯೋಚಿಸಿ ಸೂರ್ಯೋದಯದ ಹೊತ್ತಿಗೆ ಇನ್ನೊಂದು ಪ್ರಾರ್ಥನೆ ಸೇರಿಸಿದರು. ಅದನ್ನು ಮುಗಿಸಿದವರು ನೇರ ಕೆಲಸಕ್ಕೆ ಇಳಿಯಬೇಕು. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರ ನಿಯಮದಲ್ಲಿ ದಿನದ ಮೊದಲ ತಾಸಿನ ಪ್ರಾರ್ಥನೆ ‘ಪ್ರೈಮ್’ಗೆ ಗಟ್ಟಿ ಜಾಗ ಸಿಕ್ಕಿತು. ಮುಂದೆ ಮಧ್ಯಯುಗದ ಮಠಗಳಲ್ಲಿ ಪ್ರೈಮ್ ಆದಮೇಲೆ ಎಲ್ಲರೂ ಸಭಾಕೋಣೆಯಲ್ಲಿ ಸೇರುತ್ತಿದ್ದರು. ಆ ದಿನದ ಕೆಲಸ ಹಂಚುತ್ತಿದ್ದುದು ಅಲ್ಲಿಯೇ. ನಮ್ಮ ಕೈಗಳ ಕೆಲಸವನ್ನು ನಡೆಸಿಕೊಡು ಎಂಬ, 90ನೇ ಕೀರ್ತನೆಯ ಕೊನೆಯಲ್ಲಿರುವ ಬೇಡಿಕೆಯನ್ನು ಆಗ ಹೇಳುತ್ತಿದ್ದರು. ಇವತ್ತು ಬೆಳಗಿನ ಪ್ರಾರ್ಥನೆಯನ್ನು ಒತ್ತಡ ಇಳಿಸುವ, ಏಕಾಗ್ರತೆ ಹೆಚ್ಚಿಸುವ ಮದ್ದಿನಂತೆ ಹೇಳುವುದುಂಟು. ನೆಮ್ಮದಿ ಸಿಕ್ಕರೆ ಸಂತೋಷವೇ. ಆದರೆ ಈ ರೂಢಿ ಬೆಳೆದು ಬಂದದ್ದು ದುಡಿಮೆಯನ್ನೇ ದೇವರಿಗೆ ಒಪ್ಪಿಸುವುದಕ್ಕಾಗಿ ಎಂಬುದನ್ನು ಮರೆತರೆ ಅದರ ತಿರುಳೇ ಕೈತಪ್ಪುತ್ತದೆ.

ಮಠದ ಗೋಡೆ ದಾಟಿಸಿ ಇದನ್ನು ಮನೆಗೆ ತಂದವರಲ್ಲಿ ಮಾರ್ಟಿನ್ ಲೂಥರ್ ಮುಖ್ಯರು. ಸ್ವತಃ ಸನ್ಯಾಸಿಯಾಗಿದ್ದ ಅವರು 1529ರ ತಮ್ಮ ‘ಚಿಕ್ಕ ಕ್ಯಾಟೆಕಿಸಂ’ನಲ್ಲಿ ಮನೆಯ ಯಜಮಾನನಿಗೆ ಕ್ರಮ ಹೇಳಿಕೊಟ್ಟರು: ಎದ್ದೊಡನೆ ಶಿಲುಬೆಯ ಗುರುತು, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಆಮೇಲೆ ಹಾಡುತ್ತ ಸಂತೋಷದಿಂದ ಕೆಲಸಕ್ಕೆ ಹೋಗುವುದು. ಚಮ್ಮಾರನ ಕೆಲಸವೂ ಪಾದ್ರಿಯ ಕೆಲಸದಷ್ಟೇ ದೇವರ ಕರೆ ಎಂದು ಸಾರಿದವರ ಲೇಖನಿಯಿಂದ ಬಂದ ಕ್ರಮ ಇದು. ಇದಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರವಾದದ್ದು ಜರ್ಮನಿಯ ಸ್ಯಾಕ್ಸನಿಯಲ್ಲಿರುವ ಹೆರ್ನ್‌ಹುಟ್ ಎಂಬ ಊರಿನ ಕಥೆ. ಮೊರಾವಿಯದಿಂದ ಓಡಿಬಂದ ನಿರಾಶ್ರಿತರು 1722ರಲ್ಲಿ ಕಟ್ಟಿಕೊಂಡ ಊರು ಅದು. 1728ರ ಮೇ 3ರ ಸಂಜೆ ಅವರ ಆಶ್ರಯದಾತ ಕೌಂಟ್ ಜಿನ್‌ಜೆನ್‌ಡಾರ್ಫ್ ಮರುದಿನಕ್ಕೆಂದು ಒಂದು ಮಾತನ್ನು ಹೇಳಿಕೊಟ್ಟರು. ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಯಾರಾದರೊಬ್ಬರು ಆ ದಿನದ ಮಾತನ್ನು ಮನೆಮನೆಗೆ ಒಯ್ದು, ಮನೆಯವರ ಯೋಗಕ್ಷೇಮವನ್ನೂ ವಿಚಾರಿಸುತ್ತಿದ್ದರು. 1731ರಿಂದ ಅದು ‘ಲೋಸುಂಗೆನ್’ ಎಂಬ ಪುಸ್ತಕವಾಗಿ ವರ್ಷವರ್ಷವೂ ಬರುತ್ತಿದೆ. ಇಂದಿಗೂ ಹಳೆಯ ಒಡಂಬಡಿಕೆಯ ವಚನಗಳನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ತನಗೆ ಹಿತವಾದ ವಚನವನ್ನೇ ಹೆಕ್ಕಿಕೊಳ್ಳುವ ಅವಕಾಶ ಓದುಗನಿಗಿಲ್ಲ; ಬಂದ ಮಾತನ್ನು ಹೊತ್ತುಕೊಂಡೇ ಕೆಲಸಕ್ಕೆ ಹೋಗಬೇಕು.

ಕ್ಯಾಥೋಲಿಕರ ‘ಬೆಳಗಿನ ಸಮರ್ಪಣೆ’ ಹರಡಿದ ಬಗೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ಫ್ರಾನ್ಸಿನ ವಾಲ್ಸ್‌ನಲ್ಲಿ ಓದುತ್ತಿದ್ದ ಯೇಸುಸಭೆಯ ತರುಣರಿಗೆ ಮದುರೆಯ ಮಿಷನ್ ಸೇರುವ ತವಕ. ಪಾಠದ ಮೇಲೆ ಮನಸ್ಸೇ ನಿಲ್ಲದು. 1844ರ ಡಿಸೆಂಬರ್ 3ರಂದು, ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬದ ದಿನ, ಅಲ್ಲಿನ ಫಾದರ್ ಗೊತ್ರೆಲೆ ಆ ತರುಣರಿಗೆ ಬುದ್ಧಿ ಹೇಳಿದರು: ಈಗಿನ ಓದು, ಬೇಸರ, ಸಣ್ಣಪುಟ್ಟ ಕಷ್ಟ ಎಲ್ಲವನ್ನೂ ದೇವರಿಗೆ ಅರ್ಪಿಸಿ, ಇಲ್ಲಿಂದಲೇ ನೀವು ಮಿಷನರಿಗಳು. ಬೆಳಗಿನ ಸಮರ್ಪಣೆಯನ್ನು ಹರಡಿದ ‘ಪ್ರಾರ್ಥನೆಯ ಪ್ರೇಷಿತತ್ವ’ ಎಂಬ ಚಳವಳಿ ಅಲ್ಲಿ ಆರಂಭವಾಯಿತು.

ದುಡಿಮೆಯನ್ನು ದೇವರಿಗೆ ಒಪ್ಪಿಸುವ ಈ ರೂಢಿಗೆ ಒಂದು ಗಂಭೀರ ಆಕ್ಷೇಪವಿದೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಯನ್ನು ನೆನೆದರೆ ಅದು ಸ್ಪಷ್ಟವಾಗುತ್ತದೆ. ಮಿಷನ್ನಿನ ಕಾರ್ಖಾನೆಗಳಲ್ಲಿ ದುಡಿಮೆಯ ದಿನ ಪ್ರಾರ್ಥನೆಯಿಂದ ತೊಡಗುತ್ತಿತ್ತು. ಸಂಬಳ ಕೊಡುವವನೇ ಪ್ರಾರ್ಥನೆಯನ್ನೂ ನಡೆಸಿದರೆ ಅದು ಆಳನ್ನು ಪಳಗಿಸುವ ಉಪಾಯವಾಗದೇ? ಆಗಬಹುದು, ಅಲ್ಲಗಳೆಯಲಾರೆ. ಆದರೆ ಪ್ರಾರ್ಥಿಸುವವರ ಕೈಯಲ್ಲಿರುವ ಅದೇ ಸತ್ಯವೇದದಲ್ಲಿ ಯಾಕೋಬನ ಪತ್ರವೂ ಇದೆ. ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎನ್ನುವುದು ಧಣಿಗಳಿಗೆ ಅದರ ಎಚ್ಚರಿಕೆ. ದುಡಿಮೆ ದೇವರದ್ದು ಎಂದು ಒಪ್ಪಿದ ಯಜಮಾನ ಅದನ್ನು ತನ್ನ ಸ್ವಂತದ್ದೆಂದು ಸೂರೆಗೊಳ್ಳುವ ಹಕ್ಕನ್ನೂ ಅಲ್ಲಿಯೇ ಬಿಟ್ಟುಕೊಟ್ಟಂತೆ. ಅರ್ಥ ತಿಳಿದು ಪ್ರಾರ್ಥಿಸಿದರೆ ಮೊದಲು ತಲೆತಗ್ಗಿಸಬೇಕಾದವನು ಅವನೇ.

ದಿನವೂ ಅದದೇ ಮಾತು ಹೇಳಿದರೆ ಗಿಳಿಪಾಠವಾಗುತ್ತದೆ ಎನ್ನುವವರಿದ್ದಾರೆ. ಆದರೆ ಆರು ಗಂಟೆಯ ಬಸ್ಸು ಹಿಡಿಯಬೇಕಾದ ನರ್ಸಿಗೆ, ರಾತ್ರಿ ಪಾಳಿಗೆ ಹೊರಟ ಕಾವಲುಗಾರನಿಗೆ ಹೊಸ ಮಾತು ಹೊಸೆಯುವ ವ್ಯವಧಾನ ಎಲ್ಲಿದೆ? ಹಿಂದಿನವರು ಕಟ್ಟಿಟ್ಟ ಮಾತು ಅವರಿಗೆ ಬುತ್ತಿಯಂತೆ ಒದಗುತ್ತದೆ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪ್ರೈಮನ್ನು ಕೈಬಿಟ್ಟಿತು. ಪ್ರೈಮ್ ಆದಮೇಲೆ ಹೇಳುತ್ತಿದ್ದ ಆ ಬೇಡಿಕೆ ಮಾತ್ರ 90ನೇ ಕೀರ್ತನೆಯ ಕೊನೆಯ ವಚನವಾಗಿ ಎಲ್ಲರ ಸತ್ಯವೇದದಲ್ಲೂ ಇದೆ, ಓದಲು ಅರ್ಧ ನಿಮಿಷ ಸಾಕು. ನಾಳೆ ಕೆಲಸಕ್ಕೆ ಹೊರಡುವ ಮುನ್ನ ಅದನ್ನೊಮ್ಮೆ ತೆರೆದು ಓದಿ.